ನೆಲ ಸೀಳುವ ಮರಳು ಪೆಟ್ಟಿಗೆ: ಸೀಳೋದು ಫಸ್ಟ್ ಕ್ಲಾಸ್, ತುಂಬೋದು ಅರ್ಧಂಬರ್ಧ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರೂವರೆ ಸ್ಟಾರ್. ಖಂಡ ಹೇಗೆ ಸೀಳುತ್ತದೆ ಅನ್ನೋದನ್ನು ಕಣ್ಣಾರೆ ನೋಡಬೇಕು ಅಂದರೆ ಇದಕ್ಕಿಂತ ಒಳ್ಳೆಯ ಕಿಟ್ ನನಗಂತೂ ಸಿಕ್ಕಿಲ್ಲ. ಆದರೆ ಸೀಳಿದ ಮೇಲೆ ಆ ತಗ್ಗು ಲಕ್ಷಾಂತರ ವರ್ಷ ಹೇಗೆ ಹೂಳು ತುಂಬಿಕೊಳ್ಳುತ್ತದೆ ಅನ್ನೋ ಕಥೆ ಬಂದಾಗ ಪೆಟ್ಟಿಗೆ ನಡುದಾರಿಯಲ್ಲಿ ಕೈಬಿಡುತ್ತದೆ. ಡಬ್ಬದ ಮೇಲೆ ದೊಡ್ಡದಾಗಿ 'ರಿಫ್ಟ್ ಕಣಿವೆ ಹುಟ್ಟಿ ತುಂಬುವವರೆಗೆ' ಅಂತ ಅಚ್ಚು ಹಾಕಿದ್ದಾರಲ್ಲ, ಅದರಲ್ಲಿ 'ಹುಟ್ಟಿ' ಅನ್ನೋದು ನಿಜ, 'ತುಂಬುವವರೆಗೆ' ಅನ್ನೋದು ಸ್ವಲ್ಪ ಜಾಸ್ತಿಯಾಯಿತು. (ರಿಫ್ಟ್ ಅಂದರೆ ಖಂಡ ಎಳೆತಕ್ಕೆ ಸಿಕ್ಕಿ ಸೀಳಿದ ಜಾಗ.)

ಒಳಗೆ ಏನೇನಿದೆ ನೋಡೋಣ. ಅಕ್ರಿಲಿಕ್ ಗೋಡೆಯ ಉದ್ದನೆ ತೊಟ್ಟಿ, ಅದರ ಒಂದು ಗೋಡೆ ಸರಿಯುತ್ತದೆ. ಅದನ್ನು ಸರಿಸೋಕೆ ಸ್ಕ್ರೂ ಹಾಕಿದ ಒಂದು ಹಿಡಿಕೆ. ತಳಕ್ಕೆ ಹಾಕಲು ರಬ್ಬರ್ ಹಾಳೆ, ಅದು ಬೇಡ ಅಂದರೆ ಎರಡು ತೆಳು ಲೋಹದ ತಗಡು. ನಾಲ್ಕು ಬಣ್ಣದ ಒಣ ಮರಳು, ಒಂದು ಡಬ್ಬಿ ಸಿಲಿಕೋನ್ ಪುಟ್ಟಿ, ಜರಡಿ, ಮಟ್ಟ ಮಾಡೋಕೆ ಒಂದು ಪಟ್ಟಿ, ಮತ್ತೆ ಒಂದು ಕೈಪಿಡಿ. ಮರಳಿನ ಗುಣಮಟ್ಟ ನಿಜಕ್ಕೂ ಚೆನ್ನಾಗಿದೆ. ಕಾಳು ಸಣ್ಣದು, ಒಂದೇ ಗಾತ್ರ, ಬಣ್ಣ ಕೈಗೆ ಅಂಟಲ್ಲ.

ಮರಳಲ್ಲಿ ಭೂಮಿ ತೋರಿಸೋದು ಮಕ್ಕಳಾಟ ಅಂತ ಯಾರಾದರೂ ಅಂದರೆ ನಂಬಬೇಡಿ. ಹ್ಯಾನ್ಸ್ ಕ್ಲೂಸ್ ಅನ್ನೋ ಜರ್ಮನ್ ಭೂವಿಜ್ಞಾನಿ ಸುಮಾರು ನೂರು ವರ್ಷದ ಹಿಂದೆಯೇ ಒದ್ದೆ ಜೇಡಿಮಣ್ಣನ್ನು ಎಳೆದು ಕಣಿವೆ ಮಾಡಿ ತೋರಿಸಿದ್ದರು. 1937ರಲ್ಲಿ ಅಮೆರಿಕದ ಭೂವಿಜ್ಞಾನಿ ಕಿಂಗ್ ಹಬ್ಬರ್ಟ್ ಇದರ ಲೆಕ್ಕ ಬರೆದರು: ಮಾದರಿಯನ್ನು ಚಿಕ್ಕದು ಮಾಡಿದಷ್ಟೂ ಅದಕ್ಕೆ ಬಳಸೋ ವಸ್ತುವಿನ ಗಟ್ಟಿತನವೂ ಅದೇ ಲೆಕ್ಕದಲ್ಲಿ ಕಡಿಮೆ ಆಗಬೇಕು. ಕಿಲೋಮೀಟರ್‌ಗಟ್ಟಲೆ ಬಂಡೆಯನ್ನು ಸೆಂಟಿಮೀಟರ್‌ಗೆ ಇಳಿಸಿದಾಗ ಅದರ ಜಾಗದಲ್ಲಿ ಕಲ್ಲು ಇಟ್ಟರೆ ತಪ್ಪು, ತನ್ನ ಭಾರಕ್ಕೇ ಜಾರುವಂಥ ಒಣ ಮರಳು ಇಟ್ಟರೆ ಸರಿ. ಈಗಲೂ ಪ್ರಯೋಗಾಲಯಗಳಲ್ಲಿ ಇದನ್ನೇ ಮಾಡುತ್ತಾರೆ. ಮೇಲಿನ ಸುಮಾರು 15 ಕಿಲೋಮೀಟರ್ ಭೂಚಿಪ್ಪು ಒತ್ತಡಕ್ಕೆ ಒಡೆಯುತ್ತದೆ, ಅದಕ್ಕೆ ಮರಳು. ಅದರ ಕೆಳಗಿನದು ಬಿಸಿಗೆ ಮೆತ್ತಗಾಗಿ ನಿಧಾನ ಹರಿಯುತ್ತದೆ, ಅದಕ್ಕೆ ಸಿಲಿಕೋನ್.

ಸರಿ, ಎಳೆದಾಗ ಏನಾಗುತ್ತದೆ? ತಗಡು ಹಾಕಿ, ಮೇಲೆ ಬಣ್ಣದ ಮರಳನ್ನು ಪದರ ಪದರವಾಗಿ ಹರಡಿ ಶುರು ಮಾಡಿ, ರಬ್ಬರ್ ಆಮೇಲೆ. ಹಿಡಿಕೆ ಒಂದೆರಡು ಸುತ್ತು ತಿರುಗಿಸಿದರೂ ಮೇಲ್ಮೈ ಮೇಲೆ ಏನೂ ಕಾಣಲ್ಲ. ಪಕ್ಕದ ಗೋಡೆಗೆ ಕಣ್ಣು ಹಚ್ಚಿ ನೋಡಿದರೆ ಮಾತ್ರ ಕೆಂಪು ಪದರ ಒಂದು ಜಾಗದಲ್ಲಿ ಕೂದಲೆಳೆಯಷ್ಟು ಬಾಗಿರೋದು ಗೊತ್ತಾಗುತ್ತದೆ. ಇನ್ನರ್ಧ ಸುತ್ತು. ಥಟ್ ಅಂತ ತಗಡಿನ ಅಂಚಿನಿಂದ ಮೇಲಿನವರೆಗೂ ಒಂದು ಓರೆ ಗೆರೆ ಬೀಳುತ್ತದೆ, ಕೆಂಪು ಪದರ ಎರಡು ತುಂಡಾಗಿ ಒಂದು ತುಂಡು ಜಾರಿ ಕೆಳಗೆ ಕೂರುತ್ತದೆ. ಕೋನಮಾಪಕ ಇಟ್ಟು ನೋಡಿ, 60 ಡಿಗ್ರಿ ಆಸುಪಾಸು ಇರುತ್ತದೆ. ಭೂಮಿಯಲ್ಲೂ ಎಳೆತದಿಂದ ಹುಟ್ಟುವ ಫಾಲ್ಟ್‌ಗಳು, ಅಂದರೆ ಬಂಡೆ ಬಿರಿದು ಒಂದು ಬದಿ ಜಾರಿದ ಸೀಳುಗಳು, ಹೆಚ್ಚುಕಡಿಮೆ ಇದೇ ಓರೆಯಲ್ಲಿ ಹುಟ್ಟುತ್ತವೆ. ಯಾರೂ ಆ ಕೋನವನ್ನು ಮರಳಿಗೆ ಹೇಳಿಕೊಟ್ಟಿಲ್ಲ. ಕಾಳುಗಳ ಮಧ್ಯದ ಘರ್ಷಣೆಯಿಂದಲೇ ಅದು ಬರುತ್ತದೆ. ಈ ಒಂದು ಕ್ಷಣಕ್ಕೇ ಎರಡು ಸ್ಟಾರ್ ಕೊಟ್ಟಿದ್ದೇನೆ.

ಶಾಲೆಯ ಪುಸ್ತಕದಲ್ಲಿ ಬರೋ ಚಿತ್ರ ನೆನಪಿದೆಯಲ್ವಾ? ಎರಡೂ ಕಡೆ ಒಂದೇ ಥರ ಫಾಲ್ಟ್, ನಡುವೆ ಅಚ್ಚುಕಟ್ಟಾಗಿ ಕುಸಿದ ತುಂಡು. ಪೆಟ್ಟಿಗೆಯಲ್ಲಿ ಅದು ಬರೋದು ಅಪರೂಪ. ಶುರುವಲ್ಲಿ ಎರಡು ಗೆರೆ ಮೂಡುತ್ತವೆ, ಸ್ವಲ್ಪ ಹೊತ್ತಿಗೆ ಅದರಲ್ಲೊಂದು ಸುಮ್ಮನಾಗುತ್ತದೆ, ಇನ್ನೊಂದು ಪೂರ್ತಿ ಕೆಲಸ ವಹಿಸಿಕೊಳ್ಳುತ್ತದೆ. ಆಗ ನೆಲ ಒಂದು ಬದಿಗೆ ಮಾತ್ರ ಕುಸಿಯುತ್ತದೆ. ಒಂದು ಅಂಚಿನಲ್ಲಿ ಕೀಲು ಹಾಕಿದ ಹಲಗೆ ಇನ್ನೊಂದು ಅಂಚಿನಲ್ಲಿ ಕೆಳಕ್ಕೆ ಇಳಿದ ಹಾಗೆ. ಇದಕ್ಕೆ ಹಾಫ್ ಗ್ರಾಬೆನ್ ಅಂತಾರೆ, ಮತ್ತೆ ನಿಜವಾದ ರಿಫ್ಟ್‌ಗಳಲ್ಲಿ ಹೆಚ್ಚಾಗಿ ಕಾಣೋದು ಇದೇ. ಪೂರ್ವ ಆಫ್ರಿಕಾದ ಟ್ಯಾಂಗನೀಕಾ ಸರೋವರದ ತಳವನ್ನು 1980ರ ದಶಕದಲ್ಲಿ ಧ್ವನಿ ಅಲೆ ಬಿಟ್ಟು ಅಳೆದಾಗ ಇದು ಢಾಳಾಗಿ ಕಂಡಿತು. ಒಂದು ತುಂಡಿನಲ್ಲಿ ದೊಡ್ಡ ಫಾಲ್ಟ್ ಪೂರ್ವಕ್ಕೆ, ಮುಂದಿನ ತುಂಡಿನಲ್ಲಿ ಪಶ್ಚಿಮಕ್ಕೆ, ಹೀಗೆ ಬದಿ ಬದಲಿಸುತ್ತಾ ಹೋಗುತ್ತವೆ. ಈ ತೊಟ್ಟಿ ಅಗಲ ಕಡಿಮೆ ಇರೋದರಿಂದ ಆ ಬದಿ ಬದಲಿಸೋ ಆಟ ಇದರಲ್ಲಿ ನೋಡೋಕೆ ಆಗಲ್ಲ. ದೊಡ್ಡ ಸೈಜಿನದು ಮಾಡಿದರೆ ಚೆನ್ನಾಗಿರುತ್ತದೆ.

ಈಗ ತಗಡು ತೆಗೆದು ರಬ್ಬರ್ ಹಾಳೆ ಹಾಕಿ, ಮೇಲೆ ಸಿಲಿಕೋನ್ ಹರಡಿ ಮತ್ತೆ ಎಳೆಯಿರಿ. ಆಟವೇ ಬದಲಾಗುತ್ತದೆ. ಒಂದು ದೊಡ್ಡ ಕಣಿವೆ ಬದಲು ತೊಟ್ಟಿಯ ಉದ್ದಕ್ಕೂ ಸಣ್ಣ ಸಣ್ಣ ದಿಬ್ಬ, ಸಣ್ಣ ಸಣ್ಣ ತಗ್ಗು. ಕೈಪಿಡಿ ಇದನ್ನು 'ಇನ್ನೊಂದು ಬಗೆ' ಅಂತ ಒಂದೇ ಸಾಲಲ್ಲಿ ಮುಗಿಸಿದೆ, ಬೇಜಾರಾಯಿತು. ಯಾಕಂದರೆ ಇದು ತುಂಬಾ ದೊಡ್ಡ ವಿಷಯ. ಸೈಬೀರಿಯಾದ ಬೈಕಲ್ ಸರೋವರದ ಥರದ್ದು ಕಿರಿದಾದ, ಆಳವಾದ ಒಂದೇ ಸೀಳು. ಅಮೆರಿಕದ ಪಶ್ಚಿಮದಲ್ಲಿರೋ ಬೇಸಿನ್ ಅಂಡ್ ರೇಂಜ್ ಪ್ರದೇಶ ನೂರಾರು ಕಿಲೋಮೀಟರ್ ಅಗಲಕ್ಕೆ ಹರಡಿಕೊಂಡ ಬೆಟ್ಟ, ತಗ್ಗು, ಬೆಟ್ಟ, ತಗ್ಗು. ಕೆಳಗಿನ ಪದರ ತಣ್ಣಗೆ ಗಟ್ಟಿಯಾಗಿದ್ದರೆ ಎಳೆತ ಒಂದೇ ಕಡೆ ಸೇರಿಕೊಳ್ಳುತ್ತದೆ, ಬಿಸಿಯಾಗಿ ಮೆತ್ತಗಿದ್ದರೆ ಎಲ್ಲಾ ಕಡೆ ಹಂಚಿಹೋಗುತ್ತದೆ. ಕಿಟ್ ಇದನ್ನು ಇಷ್ಟು ಚೆನ್ನಾಗಿ ತೋರಿಸುತ್ತದೆ, ಅದನ್ನು ಮಾಡಿದವರಿಗೇ ತಮ್ಮ ಕಿಟ್‌ನ ಬೆಲೆ ಗೊತ್ತಿಲ್ಲ ಅನಿಸುತ್ತದೆ.

ಇನ್ನು ತುಂಬುವ ಭಾಗ. ಕೈಪಿಡಿ ಹೇಳೋದು ಇಷ್ಟು: ಸ್ವಲ್ಪ ಎಳೆಯಿರಿ, ಆದ ತಗ್ಗಿಗೆ ಜರಡಿಯಲ್ಲಿ ಬಿಳಿ ಮರಳು ಸುರಿದು ಮಟ್ಟ ಮಾಡಿ, ಮತ್ತೆ ಎಳೆಯಿರಿ, ಈಗ ಕಪ್ಪು ಮರಳು, ಹೀಗೇ. ಮಾಡಿ ನೋಡಿದರೆ ಒಂದು ವಿಷಯ ಸೊಗಸಾಗಿ ಬರುತ್ತದೆ. ಪ್ರತಿ ಪದರವೂ ಬೆಣೆ ಆಕಾರ. ಫಾಲ್ಟ್ ಹತ್ತಿರ ದಪ್ಪ, ದೂರ ಹೋದಂತೆ ತೆಳ್ಳಗಾಗಿ ಮಾಯ. ಜೊತೆಗೆ ಕೆಳಗಿನ ಪದರಗಳು ಫಾಲ್ಟ್ ಕಡೆಗೆ ಜಾಸ್ತಿ ವಾಲಿರುತ್ತವೆ, ಮೇಲಿನವು ಕಡಿಮೆ. ಹಳೆಯ ಪದರ ಹೆಚ್ಚು ಸಲ ಕುಸಿತ ಕಂಡಿದೆ, ಹೊಸದು ಕಡಿಮೆ ಕಂಡಿದೆ, ಅದಕ್ಕೆ. ತೈಲ ಹುಡುಕುವವರು ನೆಲದೊಳಕ್ಕೆ ಕಂಪನದ ಅಲೆ ಬಿಟ್ಟು ತೆಗೆದ ಚಿತ್ರದಲ್ಲಿ ಮೊದಲು ಹುಡುಕೋದೇ ಈ ಬೆಣೆಯನ್ನು. ಬೆಣೆ ಎಲ್ಲಿ ಶುರುವಾಯಿತೋ ಅಲ್ಲಿ ಸೀಳೋದು ಶುರುವಾಯಿತು, ಬೆಣೆ ಹೋಗಿ ಸಮ ದಪ್ಪದ ಪದರ ಎಲ್ಲಿ ಬಂತೋ ಅಲ್ಲಿ ಫಾಲ್ಟ್ ಸುಮ್ಮನಾಯಿತು ಅಂತ ಓದಿಕೊಳ್ಳುತ್ತಾರೆ.

ಆದರೆ 'ತುಂಬಿ ಮಟ್ಟ ಮಾಡಿ' ಅನ್ನೋ ಸೂಚನೆಯಲ್ಲೇ ಎಡವಟ್ಟಿರೋದು. ಪ್ರಕೃತಿಯಲ್ಲಿ ಯಾರು ಬಂದು ಪ್ರತಿ ಸಲ ಅಂಚಿನವರೆಗೆ ತುಂಬಿ ಪಟ್ಟಿ ಹೊಡೆಯುತ್ತಾರೆ? ನನ್ನ ಮಾತು ಕೇಳಿ, ಪಟ್ಟಿಯನ್ನು ಪಕ್ಕಕ್ಕಿಡಿ. ಪ್ರತಿ ಸುತ್ತಿಗೂ ಅಳೆದು ಒಂದೇ ಅಳತೆ ಮರಳು ಹಾಕಿ, ಜಾಸ್ತಿಯೂ ಬೇಡ, ಕಡಿಮೆಯೂ ಬೇಡ. ಶುರುವಲ್ಲಿ ಕಣಿವೆ ಸಣ್ಣದು, ಮರಳು ತುಂಬಿ ಹೊರಚೆಲ್ಲುತ್ತದೆ. ಎಳೆಯುತ್ತಾ ಹೋದಂತೆ ತಗ್ಗು ಉದ್ದ, ಅಗಲ, ಆಳ ಎಲ್ಲಾ ಬೆಳೆಯುತ್ತದೆ. ಒಂದು ಹಂತದಲ್ಲಿ ಅದೇ ಅಳತೆ ಮರಳು ಸಾಕಾಗಲ್ಲ. ತಗ್ಗು ಹಸಿದುಕೊಂಡೇ ಇರುತ್ತದೆ. ಹಿಡಿಕೆ ತಿರುಗಿಸೋದು ನಿಧಾನ ಮಾಡಿದರೆ ಮತ್ತೆ ತುಂಬಿಕೊಳ್ಳುತ್ತದೆ.

ಇದು ಸುಮ್ನೆ ಆಟ ಅಲ್ಲ. ಅಮೆರಿಕದ ಪೂರ್ವ ಕರಾವಳಿಯ ನ್ಯೂವಾರ್ಕ್ ತಗ್ಗು ಇದೆಯಲ್ಲ, ಅಟ್ಲಾಂಟಿಕ್ ತೆರೆಯೋ ಮುಂಚೆ 20 ಕೋಟಿ ವರ್ಷಕ್ಕೂ ಹಿಂದೆ ಸೀಳಿದ ಜಾಗ, ಅದರ ಪದರಗಳನ್ನು ಇಟ್ಟುಕೊಂಡು ಶ್ಲಿಶೆ ಮತ್ತು ಓಲ್ಸೆನ್ ಅನ್ನೋ ಇಬ್ಬರು ಭೂವಿಜ್ಞಾನಿಗಳು 1990ರಲ್ಲಿ ವಾದಿಸಿದ್ದು ಹೆಚ್ಚುಕಡಿಮೆ ಇದನ್ನೇ. ತಳದಲ್ಲಿ ನದಿಯ ಮರಳು ಮತ್ತು ಜಲ್ಲಿ, ಅದರ ಮೇಲೆ ಇದ್ದಕ್ಕಿದ್ದಂತೆ ಆಳ ಸರೋವರದ ಕಪ್ಪು ಕೆಸರು, ಆಮೇಲೆ ಸರೋವರ ಮೆಲ್ಲಗೆ ಬತ್ತುತ್ತಾ ಹೋದ ಗುರುತು. ಇದಕ್ಕೆ ಹವಾಮಾನ ಬದಲಾಗಲೇಬೇಕು ಅಂತಿಲ್ಲ, ಬರೋ ಹೂಳು ಅಷ್ಟೇ ಇದ್ದು ಕಣಿವೆ ಮಾತ್ರ ಬೆಳೆದರೂ ಸಾಕು. ಇದೇ ಕ್ರಮ ಬೇರೆ ಎಷ್ಟೋ ರಿಫ್ಟ್‌ಗಳಲ್ಲಿ ಕಾಣುತ್ತದೆ. ಹವಾಮಾನದ ಕೈವಾಡ ಇಲ್ಲ ಅಂತಲ್ಲ. ಅದೇ ನ್ಯೂವಾರ್ಕ್ ಸರೋವರದ ಪದರಗಳಲ್ಲಿ ಸುಮಾರು 20 ಸಾವಿರ ವರ್ಷಕ್ಕೊಮ್ಮೆ ನೀರು ಏರಿ ಇಳಿದ ಲಯವೂ ಇದೆ, ಅದು ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನ ತೂಗೋದರಿಂದ ಬಂದದ್ದು. ದೊಡ್ಡ ಕಥೆ ಬರೆಯೋದು ಫಾಲ್ಟ್, ಸಾಲು ಸಾಲಿನ ಏರಿಳಿತ ಬರೆಯೋದು ಮಳೆ. ಇಂಥ ಒಳ್ಳೆಯ ಪ್ರಯೋಗ ಅದೇ ಪೆಟ್ಟಿಗೆಯಲ್ಲಿ, ಅದೇ ಮರಳಲ್ಲಿ ಮಾಡಬಹುದು, ಕೈಪಿಡಿಯಲ್ಲಿ ಒಂದಕ್ಷರ ಇಲ್ಲ.

ಇನ್ನೊಂದು ತಕರಾರು, ಹೂಳು ಎಲ್ಲಿಂದ ಬರುತ್ತದೆ ಅನ್ನೋದರ ಬಗ್ಗೆ. ಜರಡಿಯಲ್ಲಿ ಮೇಲಿಂದ ಉದುರಿಸಿದರೆ ಎಲ್ಲಾ ಕಡೆ ಸಮನಾಗಿ ಬೀಳುತ್ತದೆ. ನಿಜದಲ್ಲಿ ದೊಡ್ಡ ಫಾಲ್ಟ್‌ನ ಎತ್ತರದ ಬದಿಯಿಂದ ಹೂಳು ಹೊಳೆಯಾಗಿ ಬರುತ್ತದೆ ಅಂದುಕೊಳ್ಳುತ್ತೇವೆ, ಎದುರಿಗೇ ಬೆಟ್ಟ ಇದೆಯಲ್ಲ. ಬರೋದು ಕಡಿಮೆ. ಕಾರಣ, ಫಾಲ್ಟ್ ಜಾರಿದಾಗ ಒಂದು ಕಡೆ ಕೆಳಗೆ ಹೋದರೆ ಇನ್ನೊಂದು ಕಡೆ ಭಾರ ಕಳೆದುಕೊಂಡು ಸ್ವಲ್ಪ ಮೇಲೇಳುತ್ತದೆ, ಹಿಂದಕ್ಕೆ ವಾಲುತ್ತದೆ. ಅಲ್ಲಿನ ನದಿಗಳು ಕಣಿವೆಗೆ ಬೆನ್ನು ಹಾಕಿ ಆಚೆ ಹರಿದುಹೋಗುತ್ತವೆ. ಫಾಲ್ಟ್‌ನ ಬುಡಕ್ಕೆ ಸಿಗೋದು ಕಡಿದಾದ ಸಣ್ಣ ತೊರೆಗಳು ತಂದು ಸುರಿದ ಬಂಡೆ, ಜಲ್ಲಿಯ ರಾಶಿಗಳು ಮಾತ್ರ. ದೊಡ್ಡ ಪಾಲು ಹೂಳು ಬರೋದು ಕೀಲಿನ ಕಡೆಯ ಇಳಿಜಾರಿನಿಂದ, ಕಣಿವೆಯ ಉದ್ದಕ್ಕೂ ಹರಿಯೋ ನದಿಯಿಂದ, ಮತ್ತೆ ಎರಡು ಫಾಲ್ಟ್‌ಗಳ ತುದಿ ಒಂದನ್ನೊಂದು ದಾಟುವ ಜಾಗದಲ್ಲಿ ಉಳಿದ ತಗ್ಗು ದಾರಿಗಳಿಂದ. ಟ್ಯಾಂಗನೀಕಾಗೆ ಉತ್ತರದಿಂದ ಉದ್ದುದ್ದ ಬರೋ ರುಸಿಜಿ ನದಿ ಒಳ್ಳೆ ಉದಾಹರಣೆ. ಪೂರ್ವದಿಂದ ಬರೋ ಮಲಗರಾಸಿ ಇನ್ನೂ ಮಜಾ, ಆ ನದಿ ಸರೋವರಕ್ಕಿಂತ ಹಳೆಯದು, ದಾರಿಯಲ್ಲಿ ನೆಲ ಸೀಳಿ ಸರೋವರ ಹುಟ್ಟಿಕೊಂಡಿತು.

ಪೆಟ್ಟಿಗೆಯಲ್ಲಿ ಈ ಮೇಲೇಳೋ ಆಟ ಬರೋದೇ ಇಲ್ಲ. ತಳ ಗಟ್ಟಿ. ಮರಳು ಕೆಳಗೆ ಒತ್ತಿದರೆ ಎಲ್ಲಿಗೆ ಹೋಗಬೇಕು? ಭೂಮಿಯಲ್ಲಿ ಚಿಪ್ಪು ಅದರ ಕೆಳಗಿನ ಮ್ಯಾಂಟಲ್ ಅನ್ನೋ ಬಿಸಿ ಬಂಡೆಯ ಪದರದ ಮೇಲೆ ತೇಲುತ್ತಿರುತ್ತದೆ, ಅದಕ್ಕೆ ಹೂಳಿನ ಭಾರಕ್ಕೇ ತಳ ಇನ್ನಷ್ಟು ಇಳಿಯುತ್ತದೆ. 1 ಕಿಲೋಮೀಟರ್ ನೀರು ತುಂಬಿದ್ದ ತಗ್ಗಿಗೆ ಹೂಳು ತುಂಬುತ್ತಾ ಹೋದರೆ 2 ಕಿಲೋಮೀಟರಿಗೂ ಜಾಸ್ತಿ ದಪ್ಪದ ಹೂಳು ಹಿಡಿಸುತ್ತದೆ. ಬೈಕಲ್‌ನಲ್ಲಿ ನೀರೇ 1642 ಮೀಟರ್ ಆಳ, ಅದರ ಕೆಳಗೆ ಕೆಲವು ಕಡೆ 7 ಕಿಲೋಮೀಟರ್ ದಪ್ಪದ ಹೂಳು. ಇಷ್ಟೊಂದು ಹಿಡಿಸಿದ್ದರಲ್ಲಿ ಆ ಹೂಳಿನ ಭಾರದ ಪಾಲೂ ಇದೆ.

ನೀರಿನ ಪ್ರಯೋಗ ಅಂತ ಕೊನೆಯಲ್ಲಿ ಒಂದಿದೆ, ಜೇಡಿ ಕಲಸಿದ ನೀರು ಸುರಿದು ತಿಳಿಯಾಗೋವರೆಗೆ ಕಾಯೋದು. ತೊಟ್ಟಿಯ ಮೂಲೆಯ ಅಂಟು ಬಿಟ್ಟು ನೀರು ಸೋರಿತು, ಮಾರಿದವರಿಗೆ ಬರೆದೆ, ಹೊಸ ಪಟ್ಟಿ ಕಳಿಸುತ್ತೇವೆ ಅಂದರು, ಇನ್ನೂ ಕಾಯುತ್ತಿದ್ದೇನೆ. ಸೋರದಿದ್ದರೂ ದೊಡ್ಡ ಉಪಯೋಗ ಇಲ್ಲ. ಎಷ್ಟೋ ಆಳ ಸರೋವರಗಳ ತಳದ ಮುಖ್ಯ ಸಂಗತಿ ಆಮ್ಲಜನಕ ಇಲ್ಲದಿರೋದು. ಟ್ಯಾಂಗನೀಕಾ 1470 ಮೀಟರ್ ಆಳ ಇದ್ದರೂ ಆಮ್ಲಜನಕ ಇರೋದು ಮೇಲಿನ ನೂರು, ಇನ್ನೂರು ಮೀಟರ್‌ವರೆಗೆ ಅಷ್ಟೇ. ಅದರ ಕೆಳಗೆ ಸತ್ತು ಬಿದ್ದ ಪಾಚಿ ಕೊಳೆಯದೆ ಕೆಸರಿನಲ್ಲಿ ಉಳಿಯುತ್ತದೆ, ಹೂತು ಬಿಸಿಯಾದರೆ ಮುಂದೆ ತೈಲವಾಗುತ್ತದೆ. ಅದೇ ಕೆಸರು ಹಳೆಯ ಹವಾಮಾನದ ದಾಖಲೆ ಕೂಡ. 2005ರಲ್ಲಿ ಪೂರ್ವ ಆಫ್ರಿಕಾದ ಮಲಾವಿ ಸರೋವರದ ತಳ ಕೊರೆದು ತೆಗೆದ ಹೂಳಿನ ಕಂಬ ನೋಡಿದಾಗ, ಸುಮಾರು ಲಕ್ಷ ವರ್ಷದ ಹಿಂದೆ ಭಯಂಕರ ಬರ ಬಿದ್ದು ನೀರು ನೂರಾರು ಮೀಟರ್ ಇಳಿದಿದ್ದು ಗೊತ್ತಾಯಿತು. ಇದೆಲ್ಲ ಅಕ್ರಿಲಿಕ್ ತೊಟ್ಟಿಗೆ ಮಾಡೋಕೆ ಆಗದ ಕೆಲಸ, ಅದಕ್ಕೆ ಬೈಯಲ್ಲ. ಕೈಪಿಡಿಯಲ್ಲಿ ಅರ್ಧ ಪುಟ ಬರೆಯಬಹುದಿತ್ತು, ಅಷ್ಟೇ.

ನಿಜವಾಗಿ ಒಂದೂವರೆ ಸ್ಟಾರ್ ಕಡಿಮೆ ಮಾಡಿದ್ದು ಬೇರೆ ಕಾರಣಕ್ಕೆ. ಕೈಪಿಡಿ ಪ್ರಕಾರ ಹಿಡಿಕೆ ನಿಂತರೆ ಕಥೆ ಮುಗಿಯಿತು. ಎಳೆತ ನಿಂತ ಮೇಲೆ ಕಣಿವೆ ತುಂಬಿ ಸಪಾಟಾಗುತ್ತದೆ, ಶುಭಂ. ಇದು ಅರ್ಧಸತ್ಯವೂ ಅಲ್ಲ. ಖಂಡವನ್ನು ಎಳೆದು ತೆಳ್ಳಗೆ ಮಾಡಿದಾಗ ಕೆಳಗಿನ ಬಿಸಿ ಮ್ಯಾಂಟಲ್ ಮೇಲಕ್ಕೆ ಬಂದಿರುತ್ತದೆ. ಎಳೆತ ನಿಂತರೂ ಆ ಬಿಸಿ ಆರೋದಕ್ಕೆ ಕೋಟ್ಯಂತರ ವರ್ಷ ಬೇಕು. ಆರುತ್ತಾ ಕುಗ್ಗುತ್ತದೆ, ಕುಗ್ಗುತ್ತಾ ಮೇಲಿನ ನೆಲವನ್ನೂ ಕೆಳಕ್ಕೆ ಇಳಿಸುತ್ತದೆ, ಈ ಸಲ ಫಾಲ್ಟ್ ಇಲ್ಲದೆ, ಅಗಲವಾಗಿ, ತಟ್ಟೆಯಂತೆ. ಬ್ರಿಟಿಷ್ ಭೂವಿಜ್ಞಾನಿ ಡಾನ್ ಮೆಕೆಂಜಿ 1978ರಲ್ಲಿ ಕೆಲವೇ ಪುಟದ ಪ್ರಬಂಧದಲ್ಲಿ ಇದರ ಲೆಕ್ಕ ಕೊಟ್ಟರು. ಅವರ ಸೂತ್ರದಲ್ಲಿ ಈ ತಣ್ಣಗಾಗುವ ಕಾಲದ ಅಳತೆ ಸುಮಾರು 6 ಕೋಟಿ ವರ್ಷ. ಮೊದಲು ಜೋರಾಗಿ ಇಳಿಯುತ್ತದೆ, ಆಮೇಲೆ ನಿಧಾನ, ಇನ್ನೂ ನಿಧಾನ. ಬ್ರಿಟನ್ ಮತ್ತು ನಾರ್ವೆ ನಡುವಿನ ಉತ್ತರ ಸಮುದ್ರ ನೋಡಿ. ಅಲ್ಲಿ ಮುಖ್ಯ ಸೀಳಾಟ ಜುರಾಸಿಕ್ ಯುಗದ ಕೊನೆಯ ಹೊತ್ತಿಗೆ ನಡೆದು ನಿಂತಿತು. ಆದರೆ ಅದರ ಮೇಲೆ ಕಿಲೋಮೀಟರ್‌ಗಟ್ಟಲೆ ಪದರ ಆಮೇಲೆ ಸೇರಿದೆ, ಹಳೆಯ ಫಾಲ್ಟ್‌ಗಳ ಅಂಚು ದಾಟಿ ಆಚೆ ಈಚೆ ಹರಡಿದೆ. ಕೆಳಗೆ ಜುರಾಸಿಕ್ ಕಾಲದ ಕಪ್ಪು ಕೆಸರು ಹೂತು ಬೆಂದು ತೈಲ ಬಿಟ್ಟಿದ್ದು ಈ ಮೇಲಿನ ಹೊದಿಕೆಯ ದಯೆಯಿಂದ. ಹಿಡಿಕೆ ನಿಂತಲ್ಲಿಗೆ ಕಥೆ ಮುಗಿಸಿದ್ದರೆ ಆ ತೈಲವೇ ಇರುತ್ತಿರಲಿಲ್ಲ.

ಕೈಪಿಡಿಯ ಕೊನೆಯ ಚಿತ್ರದ ಬಗ್ಗೆಯೂ ಒಂದು ಮಾತು. ಎಲ್ಲಾ ರಿಫ್ಟೂ ಕೊನೆಗೆ ಸಾಗರ ಆಗುತ್ತದೆ ಅನ್ನೋ ಹಾಗೆ ಬಾಣ ಹಾಕಿದ್ದಾರೆ. ಆಗಲ್ಲ ಸ್ವಾಮಿ. ಕೆಂಪು ಸಮುದ್ರ ಆಯಿತು. ಇಥಿಯೋಪಿಯಾದ ಅಫಾರ್ ಆ ದಾರಿಯಲ್ಲಿದೆ, 2005ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಶಿಲಾರಸ ನುಗ್ಗಿ ಸುಮಾರು 60 ಕಿಲೋಮೀಟರ್ ಉದ್ದದ ಜಾಗ ಕೆಲವು ಕಡೆ 8 ಮೀಟರ್‌ವರೆಗೆ ತೆರೆದುಕೊಂಡಿತ್ತು. ಆದರೆ ಉತ್ತರ ಅಮೆರಿಕದ ನಡುಮಧ್ಯೆ ಸುಮಾರು 110 ಕೋಟಿ ವರ್ಷದ ಹಿಂದೆ ಖಂಡ ಸೀಳೋಕೆ ಹೊರಟು, ಭಾರೀ ಲಾವಾ ಸುರಿಸಿ, ಅಲ್ಲೇ ನಿಂತುಹೋಯಿತು. ಉತ್ತರ ಸಮುದ್ರವೂ ಸೋತ ರಿಫ್ಟೇ. ಸೋತವುಗಳೇ ಹೂಳನ್ನು ಜೋಪಾನ ಮಾಡಿ ಇಟ್ಟಿರೋದು ಕೂಡ, ಗೋದಾವರಿ ಕಣಿವೆಯ ಗೊಂಡ್ವಾನಾ ಕಲ್ಲಿದ್ದಲು ಇರೋದೂ ಅಂಥದ್ದೇ ಒಂದು ಹಳೆಯ ತಗ್ಗಿನಲ್ಲಿ.

ಹಾಗಾದರೆ ತಗೋಬೇಕಾ ಬೇಡ್ವಾ? ಪಾಠ ಮಾಡುವವರು, ಕಾಲೇಜಲ್ಲಿ ಭೂವಿಜ್ಞಾನ ಓದುವವರು ಕಣ್ಣು ಮುಚ್ಚಿ ತಗೊಳ್ಳಿ, ಕೈಪಿಡಿಯನ್ನು ಮಾತ್ರ ಡಬ್ಬದಲ್ಲೇ ಬಿಡಿ. ಸಣ್ಣ ಮಕ್ಕಳಿಗೆ ಬೇಡ, ಸಿಲಿಕೋನ್ ಬಟ್ಟೆಗೆ ಹತ್ತಿದರೆ ಹೋಗಲ್ಲ, ಜೊತೆಗೆ ಮರಳಿನ ಧೂಳು ಉಸಿರಿಗೆ ಒಳ್ಳೆಯದಲ್ಲ, ದೊಡ್ಡವರೂ ಜರಡಿ ಹಿಡಿಯುವಾಗ ಮಾಸ್ಕ್ ಹಾಕಿಕೊಳ್ಳಿ. ಹಿಡಿಕೆಯ ಸ್ಕ್ರೂ ಹೊಸದರಲ್ಲಿ ಜರ್ಕ್ ಹೊಡೆಯುತ್ತದೆ, ಒಂದು ಹನಿ ಎಣ್ಣೆ ಬಿಟ್ಟರೆ ಸರಿಹೋಗುತ್ತದೆ. ಮತ್ತೆ, ಗೋಡೆಯ ಪಕ್ಕ ಕಾಣೋ ಚಿತ್ರವನ್ನೇ ನಂಬಬೇಡಿ. ಅಲ್ಲಿ ಮರಳು ಅಕ್ರಿಲಿಕ್‌ಗೆ ಉಜ್ಜಿಕೊಂಡು ಫಾಲ್ಟ್ ಸ್ವಲ್ಪ ಸೊಟ್ಟಗೆ ಬರುತ್ತದೆ. ಎಳೆದು ಮುಗಿದ ಮೇಲೆ ಸ್ಪ್ರೇ ಬಾಟಲಿಯಲ್ಲಿ ನಿಧಾನ ನೀರು ಚಿಮುಕಿಸಿ ಮರಳನ್ನು ಪೂರ್ತಿ ಒದ್ದೆ ಮಾಡಿ, ಅಗಲ ಚಾಕುವಿನಿಂದ ನಡುವಿನಲ್ಲಿ ನೇರ ಕೊಯ್ದು ಒಂದು ಬದಿ ತೆಗೆದುಹಾಕಿ, ಫೋಟೋ ಅಲ್ಲಿ ತೆಗೆಯಿರಿ.